ಮೂಗಿನ ಮೂಳೆ ಮತ್ತೆ ಬೆಳೆಯುವುದಿಲ್ಲ

"ಮಾಡುಸ್ಕಂಡ್ರೂ ಅಷ್ಟೇ ಕಣ್ಲಾ, ಮತ್ತೆ ಬೆಳ್ಕತದೆ."

ಮಂಡ್ಯ ಜಿಲ್ಲೆಯ ಗೆಜ್ಜಲಗೆರೆಯ ಹಾಲಿನ ಡೇರಿ ಎದುರಿನ ಟೀ ಅಂಗಡಿಯಾಗಲಿ, ಮದ್ದೂರಿನ ಬಸ್ ನಿಲ್ದಾಣವಾಗಲಿ, ಮಳವಳ್ಳಿಯ ಸಂತೆಯಾಗಲಿ, ಮೂಗು ಕಟ್ಟಿ ನರಳುವವನೊಬ್ಬ "ಡಾಕ್ಟ್ರು ಆಪರೇಷನ್ ಮಾಡುಸ್ಕೊ ಅಂದವ್ರೆ" ಎಂದರೆ ಸಾಕು, ಈ ತೀರ್ಪು ಸಿದ್ಧವಾಗಿರುತ್ತದೆ. ತೀರ್ಪು ಕೊಡುವವರು ಯಾರ ಮೂಗಿನೊಳಗೂ ಬೆಳಕು ಬಿಟ್ಟು ನೋಡಿದವರಲ್ಲ. ಆದರೆ ಅವರ ಬಳಿ ಒಬ್ಬ ಸಾಕ್ಷಿ ಇದ್ದೇ ಇರುತ್ತಾನೆ. ಭಾವಮೈದ, ಇಲ್ಲವೇ ಪಕ್ಕದ ಮನೆಯವನು, ಇಲ್ಲವೇ ಗಾರ್ಮೆಂಟ್ಸಿನಲ್ಲಿ ಜೊತೆಗೆ ದುಡಿಯುವವಳ ಗಂಡ. ಅವನಿಗೆ ಮಾಡಿಸಿದ್ದರು, ದುಡ್ಡು ಸುರಿದಿದ್ದರು, ವರ್ಷ ತುಂಬುವುದರೊಳಗೆ ಮೂಗು ಮೊದಲಿನ ಹಾಗೇ ಕಟ್ಟಿತು. ಅಲ್ಲಿಗೆ ವಾದ ಮುಗಿಯಿತು. ಕೇಳಿಸಿಕೊಂಡವನು ಮೆಡಿಕಲ್ ಶಾಪಿಗೆ ಹೋಗಿ ಇನ್ನೊಂದು ಬಾಟಲಿ ಡ್ರಾಪ್ಸ್ ಕೊಂಡು ಮನೆ ಸೇರುತ್ತಾನೆ.

ಈ ಮಾತು ಸುಳ್ಳು. ಬರೀ ಸುಳ್ಳಾಗಿದ್ದರೆ ಇಷ್ಟು ಕಾಲ ಬಾಳುತ್ತಿರಲಿಲ್ಲ. ಅರ್ಧ ನಿಜವನ್ನು ಬೆರೆಸಿಕೊಂಡಿರುವುದರಿಂದ ಇದಕ್ಕೆ ಆಯಸ್ಸು ಹೆಚ್ಚು. ಮೂಗಿನೊಳಗೆ ಮತ್ತೆ ಬೆಳೆಯುವಂಥವು ಕೆಲವು ಇವೆ, ನಿಜ. ಆದರೆ ಜನ ಯಾವುದನ್ನು ಕುರಿತು ಈ ಮಾತು ಆಡುತ್ತಾರೋ ಆ ಡೊಂಕು ಮೂಳೆ ಅವುಗಳಲ್ಲಿ ಸೇರಿಲ್ಲ. ನಾಲ್ಕು ಬೇರೆ ಬೇರೆ ಕಾಯಿಲೆಗಳಿಗೆ ಒಂದೇ ಹೆಸರಿಟ್ಟು, ಒಂದರ ಸೋಲನ್ನು ಇನ್ನೊಂದರ ತಲೆಗೆ ಕಟ್ಟಿ, ಕೊನೆಗೆ ನಾಲ್ಕಕ್ಕೂ ಚಿಕಿತ್ಸೆ ಬೇಡವೆನ್ನುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆಯೇ.

ಎರಡು ಹೊಳ್ಳೆಗಳ ನಡುವೆ ಒಂದು ಗೋಡೆಯಿದೆ. ಮುಂದಿನ ಭಾಗ ಮೆದುಮೂಳೆ, ಹಿಂದಿನದು ಗಟ್ಟಿ ಮೂಳೆ. ಡಾಕ್ಟರು ಇದನ್ನು ಸೆಪ್ಟಮ್ ಎನ್ನುತ್ತಾರೆ. ಎರಡೂ ಪಕ್ಕದ ಗೋಡೆಗಳಿಂದ ಒಳಮುಖವಾಗಿ ಬಾಗಿದ, ಹಸಿ ಪೊರೆ ಹೊದ್ದ ಮಡಿಕೆಗಳಿವೆ. ಅವೇ ಟರ್ಬಿನೇಟುಗಳು. ಒಳಗೆ ಹೋಗುವ ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಕೊಟ್ಟು, ಧೂಳು ಸೋಸುವುದು ಇವುಗಳ ಕೆಲಸ. ಬಾಯಿಗೆ ಈ ಯಾವ ವಿದ್ಯೆಯೂ ಗೊತ್ತಿಲ್ಲ. "ಮೂಗು ಕಟ್ಟಿದರೇನಂತೆ, ಬಾಯಿ ಇಲ್ವಾ" ಎನ್ನುವವರು ಇದನ್ನು ಮರೆಯುತ್ತಾರೆ. ಗಾಳಿ ಶ್ವಾಸಕೋಶ ಮುಟ್ಟುವವರೆಗೆ ಎದುರಿಸುವ ಒಟ್ಟು ತಡೆಯಲ್ಲಿ ಹೆಚ್ಚುಕಡಿಮೆ ಅರ್ಧ ಮೂಗಿನಲ್ಲೇ ಇದೆ. ಅದರಲ್ಲೂ ಎಲ್ಲಕ್ಕಿಂತ ಇಕ್ಕಟ್ಟಾದ ಜಾಗ ಹೊಳ್ಳೆ ದಾಟಿದ ಕೂಡಲೇ ಸಿಗುತ್ತದೆ. ಅಲ್ಲಿ ಗೋಡೆ ಒಂದೆರಡು ಮಿಲಿಮೀಟರ್ ಬಾಗಿದರೂ ಉಸಿರಿಗೆ ಸಂಚಕಾರ. ಹಿಂದೆ ಅದಕ್ಕಿಂತ ದೊಡ್ಡ ಡೊಂಕಿದ್ದರೂ ಕೆಲವರಿಗೆ ಗೊತ್ತೇ ಆಗುವುದಿಲ್ಲ.

ಈಗ ಆ ನಾಲ್ಕು ಕಾಯಿಲೆಗಳು. ಮೊದಲನೆಯದು ನಡುಗೋಡೆಯ ಡೊಂಕು. ಹುಟ್ಟಿನಿಂದ ಬಂದಿರಬಹುದು, ಬೆಳೆಯುವಾಗ ಬಾಗಿರಬಹುದು, ಕಬಡ್ಡಿಯಲ್ಲೋ ಬೈಕಿನಿಂದ ಬಿದ್ದೋ ಪೆಟ್ಟಾಗಿ ಸರಿದಿರಬಹುದು. ಇದನ್ನು ನೆಟ್ಟಗೆ ಮಾಡುವ ಮಾತ್ರೆಯಾಗಲಿ ಹನಿಯಾಗಲಿ ಕಷಾಯವಾಗಲಿ ಲೋಕದಲ್ಲಿಲ್ಲ. ಎರಡನೆಯದು ಟರ್ಬಿನೇಟುಗಳ ಊತ, ಬಹುಪಾಲು ಅಲರ್ಜಿಯದು. ಕನ್ನಡಿ ಮುಂದೆ ಟಾರ್ಚ್ ಹಿಡಿದು ನೋಡಿ "ಮಾಂಸ ಬೆಳೆದೈತೆ" ಎಂದು ಜನ ಗಾಬರಿಯಾಗುವುದು ಸಾಮಾನ್ಯವಾಗಿ ಇದನ್ನೇ ಕಂಡು. ಅದು ಬೆಳೆದದ್ದಲ್ಲ, ಎಲ್ಲರ ಮೂಗಿನಲ್ಲೂ ಇರುವ ಅಂಗ, ಊದಿಕೊಂಡಿದೆ ಅಷ್ಟೆ. ಮೂರನೆಯದು ಪಾಲಿಪ್. ಸೈನಸ್‌ಗಳ ಪೊರೆ ಊದಿ ಇಳಿಬಿದ್ದ ಮಾಸಲು ಬಣ್ಣದ ಮೆತ್ತನೆಯ ಗಡ್ಡೆಗಳು. ವಾಸನೆ ಹೋಗುತ್ತದೆ, ಕೆಲವರಿಗೆ ಆಸ್ತಮಾ ಜೊತೆಗಿರುತ್ತದೆ. ನಾಲ್ಕನೆಯದು ಅಪರೂಪದ್ದು, ರೈನೋಸ್ಪೋರಿಡಿಯೋಸಿಸ್. ಕೆರೆ ಕಟ್ಟೆಗಳಲ್ಲಿ ಮುಳುಗಿ ಮೀಯುವವರಲ್ಲಿ ದಕ್ಷಿಣ ಭಾರತದಲ್ಲೂ ಶ್ರೀಲಂಕಾದಲ್ಲೂ ಕಾಣುವ, ಮುಟ್ಟಿದರೆ ರಕ್ತ ಒಸರುವ ಕೆಂಪು ಗಡ್ಡೆ.

ಮತ್ತೆ ಬೆಳೆಯುವುದು ಯಾವುದು? ಪಾಲಿಪ್ ಬೆಳೆಯಬಹುದು. ತೆಗೆದ ಮೇಲೂ ವರ್ಷಗಟ್ಟಲೆ ಸ್ಪ್ರೇ ಹೊಡೆಯದಿದ್ದರೆ ಅದು ಮರಳುವ ಸಂಭವ ಇನ್ನೂ ಹೆಚ್ಚು. ಬುಡ ಸುಡದೆ ಬಿಟ್ಟರೆ ರೈನೋಸ್ಪೋರಿಡಿಯೋಸಿಸ್ ಬೆಳೆಯುತ್ತದೆ. ಅಲರ್ಜಿಗೆ ಔಷಧಿ ನಿಲ್ಲಿಸಿದರೆ ಟರ್ಬಿನೇಟ್ ಮತ್ತೆ ಊದುತ್ತದೆ. ಬೆಳವಣಿಗೆ ಮುಗಿದ ವಯಸ್ಕನಲ್ಲಿ ಸರಿಯಾಗಿ ನೆಟ್ಟಗೆ ಮಾಡಿ ಕೂರಿಸಿದ ನಡುಗೋಡೆ ಮಾತ್ರ ಮರಳಿ ಚಿಗುರುವುದಿಲ್ಲ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಬಾರದಿರಲು ಏರಿ ಒಳಕ್ಕೆ ಕುಸಿದಿರಬಹುದು, ಹೂಳು ತುಂಬಿರಬಹುದು, ಜೊಂಡು ಹಬ್ಬಿರಬಹುದು. ಏರಿ ಸರಿ ಮಾಡಿದ ಮೇಲೆ ಜೊಂಡು ಬಂತು ಅಂತ ಏರಿ ಕಟ್ಟಿದ್ದೇ ದಂಡ ಎನ್ನುವ ರೈತ ಮದ್ದೂರು ತಾಲ್ಲೂಕಿನಲ್ಲಿ ಸಿಗಲಾರ. ತನ್ನ ಮೂಗಿನ ವಿಚಾರಕ್ಕೆ ಬಂದಾಗ ಮಾತ್ರ ಅವನೇ ಹಾಗೆನ್ನುತ್ತಾನೆ.

ಹಾಗಾದರೆ ಆ ಭಾವಮೈದ ಸುಳ್ಳು ಹೇಳಿದನೇ? ಇಲ್ಲ. ಅವನ ಮೂಗು ಕಟ್ಟಿದ್ದು ನಿಜವೇ. ಏಕೆ ಕಟ್ಟಿತು ಎಂದು ಯಾರೂ ಕೇಳಲಿಲ್ಲ. ಅವನಿಗಿದ್ದದ್ದು ಪಾಲಿಪ್ ಆಗಿರಬಹುದು. ಡೊಂಕೂ ಅಲರ್ಜಿಯೂ ಎರಡೂ ಇದ್ದು, ಡೊಂಕು ತಿದ್ದಿಸಿಕೊಂಡು ಅಲರ್ಜಿಯ ಸ್ಪ್ರೇಯನ್ನು ತಿಂಗಳಿಗೇ ಬಿಟ್ಟಿರಬಹುದು. ಇಕ್ಕಟ್ಟಿನ ಮುಂಭಾಗದ ಡೊಂಕನ್ನು ತಿದ್ದುವುದು ಕಷ್ಟ, ಸರ್ಜನ್ ಅಲ್ಲಿ ಸ್ವಲ್ಪ ಉಳಿಸಿರಬಹುದು. ಅದು ಉಳಿದ ಡೊಂಕು, ಬೆಳೆದ ಡೊಂಕಲ್ಲ. ಇನ್ನೊಂದು ಸಂಗತಿಯೂ ಇದೆ. ಆರೋಗ್ಯವಂತರ ಮೂಗಿನಲ್ಲೂ ಕೆಲವು ಗಂಟೆಗಳಿಗೊಮ್ಮೆ ಒಂದು ಹೊಳ್ಳೆ ಸ್ವಲ್ಪ ಬಿಗಿದು ಇನ್ನೊಂದು ಸಡಿಲಾಗುತ್ತದೆ. ಆಪರೇಷನ್‌ಗೆ ಮುಂಚೆ ಗಮನಿಸದಿದ್ದ ಈ ಸಹಜ ಸರದಿಯನ್ನು ಆಮೇಲೆ ಕಂಡು "ಅಯ್ಯೋ, ಮತ್ತೆ ಬಂತು" ಎಂದು ಎದೆ ಬಡಿದುಕೊಳ್ಳುವವರಿದ್ದಾರೆ. ಒಳಗಿನ ಊತ, ಹಕ್ಕಳೆ ಕಳೆದು ನಿಜವಾದ ಫಲ ತಿಳಿಯಲು ಎರಡು ಮೂರು ತಿಂಗಳು ಬೇಕು. ಊರಿನ ತೀರ್ಪು ಹದಿನೈದೇ ದಿನಕ್ಕೆ ಹೊರಬಿದ್ದಿರುತ್ತದೆ.

ಒಬ್ಬ ಭಾವಮೈದನ ಬದಲು ನೂರಾರು ಜನರನ್ನು ನೋಡಿದರೆ ಏನು ಕಾಣುತ್ತದೆ? 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ನೆದರ್ಲೆಂಡ್ಸಿನ ಅಧ್ಯಯನವೊಂದು ಬಂತು. ನಡುಗೋಡೆ ಡೊಂಕಾಗಿ ಮೂಗು ಕಟ್ಟುತ್ತಿದ್ದ 203 ವಯಸ್ಕರನ್ನು ಎರಡು ಗುಂಪು ಮಾಡಿ, ಯಾರು ಯಾವ ಗುಂಪು ಎಂಬುದನ್ನು ಅದೃಷ್ಟಕ್ಕೆ ಬಿಟ್ಟು, ಒಂದು ಗುಂಪಿಗೆ ಆಪರೇಷನ್ ಮಾಡಿದರು, ಇನ್ನೊಂದಕ್ಕೆ ಮಾಡಲಿಲ್ಲ. ಆಪರೇಷನ್ ಆದವರು ಚೆನ್ನಾಗಿ ಉಸಿರಾಡಿದರು, ಆ ಲಾಭ 24 ತಿಂಗಳವರೆಗೂ ಉಳಿಯಿತು. 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಇನ್ನೂ ದೊಡ್ಡ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ಅದರಲ್ಲಿ 378 ವಯಸ್ಕರಿದ್ದರು. ಅರ್ಧದಷ್ಟು ಜನರಿಗೆ ಶಸ್ತ್ರಚಿಕಿತ್ಸೆ, ಉಳಿದವರಿಗೆ ಆರು ತಿಂಗಳು ಸ್ಟಿರಾಯ್ಡ್ ಸ್ಪ್ರೇ ಮತ್ತು ಉಪ್ಪುನೀರಿನ ಸ್ಪ್ರೇ. 110ಕ್ಕೆ ಲೆಕ್ಕ ಹಾಕುವ ತೊಂದರೆಯ ಅಂಕಪಟ್ಟಿಯಲ್ಲಿ ಆರು ತಿಂಗಳ ಕೊನೆಗೆ ಸ್ಪ್ರೇ ಗುಂಪಿನ ಸರಾಸರಿ 39.5, ಆಪರೇಷನ್ ಗುಂಪಿನದು 19.9. ಕಷ್ಟ ಅರ್ಧಕ್ಕರ್ಧ. ಇದೇ ಪರೀಕ್ಷೆ ತೊಡಕುಗಳನ್ನೂ ಮುಚ್ಚಿಡಲಿಲ್ಲ. ಆಪರೇಷನ್ ಆದವರಲ್ಲಿ ನೂರಕ್ಕೆ 4 ಮಂದಿ ರಕ್ತಸ್ರಾವಕ್ಕೆ ಮತ್ತೆ ಆಸ್ಪತ್ರೆ ಸೇರಿದರು, ನೂರಕ್ಕೆ 12 ಮಂದಿಗೆ ಸೋಂಕಿಗೆ ಆಂಟಿಬಯೋಟಿಕ್ ಬೇಕಾಯಿತು. ಲಾಭವೂ ನಷ್ಟವೂ ತಕ್ಕಡಿಯಲ್ಲಿ ಹೀಗೆ ಕಣ್ಣೆದುರು ಕೂತಿರುವಾಗ ಟೀ ಅಂಗಡಿಯ ತೀರ್ಪಿಗೆ ಯಾವ ಬೆಲೆ?

ಆಪರೇಷನ್ ಬೇಡವೆಂದವರು ಸುಮ್ಮನಿರುವುದಿಲ್ಲ, ಡ್ರಾಪ್ಸ್ ಹಿಡಿಯುತ್ತಾರೆ. ಆಕ್ಸಿಮೆಟಜೋಲಿನ್, ಜೈಲೋಮೆಟಜೋಲಿನ್ ಹನಿಗಳು ಐದೇ ನಿಮಿಷದಲ್ಲಿ ಮೂಗು ಬಿಡಿಸುತ್ತವೆ. ನೆಗಡಿಗೆ ಮೂರರಿಂದ ಐದು ದಿನ ಬಳಸಿ ಬಿಡಬೇಕಾದವು ಇವು. ವಾರ ದಾಟಿ, ತಿಂಗಳು ದಾಟಿ ಬಳಸಿದರೆ ಹನಿಯ ಪ್ರಭಾವ ಇಳಿದೊಡನೆ ಪೊರೆ ಮೊದಲಿಗಿಂತ ಹೆಚ್ಚು ಊದುತ್ತದೆ. ಊದಿತೆಂದು ಮತ್ತೆ ಹನಿ, ಹನಿ ಇಳಿದಾಗ ಮತ್ತೆ ಊತ. ದಿಂಬಿನ ಕೆಳಗೆ ಬಾಟಲಿ ಇಲ್ಲದೆ ನಿದ್ದೆ ಬಾರದವರು ಪ್ರತಿ ಊರಿನಲ್ಲೂ ಇದ್ದಾರೆ. ಇದು ಮೂಗಿಗೆ ಹತ್ತಿದ ಚಟ. ವಿಚಿತ್ರವೆಂದರೆ, ಈ ಹನಿಗೆ ಹೆದರದ ನಮ್ಮ ಜನ ಡಾಕ್ಟರು ಬರೆದ ಫ್ಲುಟಿಕಾಸೋನ್, ಮೊಮೆಟಾಸೋನ್ ಸ್ಪ್ರೇಗೆ "ಸ್ಟಿರಾಯ್ಡು" ಎಂದು ಹೆದರುತ್ತಾರೆ. ಅಲರ್ಜಿಗೆ ನಿಜವಾದ ಮದ್ದು ಅದೇ. ಮೂಗಿನಲ್ಲೇ ಕೆಲಸ ಮಾಡುತ್ತದೆ, ಮೈಗೆ ಸೇರುವುದು ಅತ್ಯಲ್ಪ, ಪೂರ್ತಿ ಫಲ ಕಾಣಲು ಎರಡು ವಾರ ಬೇಕಾಗಬಹುದು. ಎರಡು ದಿನ ಹೊಡೆದು "ಏನೂ ಆಗ್ಲಿಲ್ಲ" ಎಂದು ಎಸೆಯುವುದು ಔಷಧಿಯ ತಪ್ಪಲ್ಲ. ಹಾಲು ಬಿಡಿ, ಮೊಸರು ಬಿಡಿ ಎಂಬ ಉಪದೇಶವೂ ಜೊತೆಗೆ ಸಿಗುತ್ತದೆ, ಅದೂ ಇಡೀ ಜಿಲ್ಲೆಯ ಹಾಲು ಬಂದು ಸೇರುವ ಗೆಜ್ಜಲಗೆರೆಯಲ್ಲಿ! ಹಾಲು ಕುಡಿದರೆ ಸಿಂಬಳ ಹೆಚ್ಚುತ್ತದೆ ಎನ್ನುವುದಕ್ಕೆ ಆಧಾರವಿಲ್ಲ.

ಇನ್ನು ಹೆದರಿಕೆ. ಮೂಗಿಗೆ ಕತ್ತಿ ಮುಟ್ಟಿಸಿದರೆ ಮುಖ ಕೆಡುತ್ತದೆ, ಸಿನಿಮಾದವರ ಮೂಗಿನಂತೆ ಆಕಾರವೇ ಬದಲಾಗುತ್ತದೆ ಎಂಬ ಅಂಜಿಕೆ, ಮುಖ್ಯವಾಗಿ ಮದುವೆಗೆ ಬಂದ ಹೆಣ್ಣುಮಕ್ಕಳ ಮನೆಗಳಲ್ಲಿ. ರೂಪ ತಿದ್ದುವ ಶಸ್ತ್ರಚಿಕಿತ್ಸೆ ಬೇರೆ, ಉಸಿರಿನ ದಾರಿ ತಿದ್ದುವುದು ಬೇರೆ. ನಡುಗೋಡೆಯನ್ನು ನೆಟ್ಟಗೆ ಮಾಡುವ ಸೆಪ್ಟೋಪ್ಲಾಸ್ಟಿಯಲ್ಲಿ ಗಾಯ ಹೊಳ್ಳೆಯ ಒಳಗೇ ಆಗುತ್ತದೆ, ಹೊರಗೆ ಹೊಲಿಗೆಯ ಗೆರೆಯೂ ಕಾಣದು. ಈ ಅಂಜಿಕೆಗೆ ಒಂದು ಹಳೆಯ ಕಾರಣ ಉಂಟು. 1902ರಲ್ಲಿ ಫ್ರೀರ್, 1904ರಲ್ಲಿ ಕಿಲಿಯನ್ ವಿವರಿಸಿದ ಹಿಂದಿನ ಕಾಲದ ವಿಧಾನದಲ್ಲಿ ಡೊಂಕಾದ ಮೆದುಮೂಳೆಯ ದೊಡ್ಡ ಭಾಗವನ್ನೇ ತೆಗೆದುಹಾಕುತ್ತಿದ್ದರು. ಕೆಲವರಿಗೆ ಗೋಡೆ ತೂತಾಗುತ್ತಿತ್ತು, ಕೆಲವರಿಗೆ ಮೂಗಿನ ಬೆನ್ನು ಕುಸಿಯುತ್ತಿತ್ತು. ಆಮೇಲೆ ಬಂದ ಪದ್ಧತಿ ಆಸರೆಯ ಮೂಳೆಯನ್ನು ಉಳಿಸಿಕೊಂಡು, ಡೊಂಕಿದ್ದಷ್ಟನ್ನೇ ತಿದ್ದಿ ಮತ್ತೆ ಕೂರಿಸುತ್ತದೆ. ಅಜ್ಜನ ಕಾಲದ ಹೆದರಿಕೆಯನ್ನು ಮೊಮ್ಮಗ ಹೊರಬೇಕಿಲ್ಲ. ಗೋಡೆ ತೂತಾಗುವುದು, ಒಳಗೆ ರಕ್ತ ಹೆಪ್ಪುಗಟ್ಟುವುದು, ಮೇಲಿನ ಮುಂದಿನ ಹಲ್ಲುಗಳು ಕೆಲಕಾಲ ಜೋಮು ಹಿಡಿಯುವುದು, ಇವು ಇಂದಿಗೂ ಆಗಬಹುದು, ಆದರೆ ವಿರಳ. ಮೂಗಿನೊಳಗೆ ತುರುಕಿದ ಪ್ಯಾಕ್ ತೆಗೆಯುವ ಹೊತ್ತು ನೋವಿನದೇ. ಈಗ ಬಹಳ ಸರ್ಜನ್‌ಗಳು ಪ್ಯಾಕ್ ಇಡದೆ ಒಳಗೇ ಹೊಲಿಗೆ ಹಾಕುತ್ತಾರೆ, ಇಲ್ಲವೇ ತೆಳುವಾದ ಸ್ಪ್ಲಿಂಟ್ ಇಡುತ್ತಾರೆ.

ಮೂಗಿನ ಶಸ್ತ್ರಚಿಕಿತ್ಸೆ ನಮಗೆ ಹೊರಗಿನಿಂದ ಬಂದ ಸೋಜಿಗವೂ ಅಲ್ಲ. ಈ ಜಿಲ್ಲೆಯ ಶ್ರೀರಂಗಪಟ್ಟಣದ ಸುತ್ತ ನಡೆದ 1792ರ ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್‌ಜಿ ಎಂಬವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಮುಂದೆ ಪುಣೆಯ ಸೀಮೆಯಲ್ಲಿ ಇಟ್ಟಿಗೆ ಮಾಡುವ ಕುಲದ ವೈದ್ಯನೊಬ್ಬ ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಮಾಡಿಕೊಟ್ಟ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್ ಇದನ್ನು ಅಚ್ಚು ಹಾಕಿತು. ಅದನ್ನು ಓದಿದ ಸರ್ಜನ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಹಾಗೆಯೇ ಮಾಡಿ ತೋರಿಸಿದ. ಯುರೋಪಿನ ಪ್ಲಾಸ್ಟಿಕ್ ಸರ್ಜರಿಯ ಹೊಸ ಅಧ್ಯಾಯ ಅಲ್ಲಿಂದ ಶುರುವಾಯಿತು. ಅರಿವಳಿಕೆಯೇ ಇಲ್ಲದ ಕಾಲದಲ್ಲಿ ಒಬ್ಬ ಗಾಡಿ ಹೊಡೆಯುವವನು ಮಾನಕ್ಕಾಗಿ ತೋರಿದ ಧೈರ್ಯವನ್ನು, ಅರಿವಳಿಕೆ ಕೊಟ್ಟು ಒಂದು ಗಂಟೆಯಲ್ಲಿ ಮುಗಿಸುವ ಕಾಲದಲ್ಲಿ ಉಸಿರಿಗಾಗಿ ನಾವು ತೋರಲಾರೆವೇ?

ಇಷ್ಟು ಹೇಳಿ ಡಾಕ್ಟರುಗಳನ್ನು ಬಿಟ್ಟುಬಿಟ್ಟರೆ ಅನ್ಯಾಯವಾದೀತು. "ಮತ್ತೆ ಬೆಳೆಯುತ್ತೆ" ಎಂಬ ಮಾತಿಗೆ ಗೊಬ್ಬರ ಹಾಕಿದವರಲ್ಲಿ ಕೆಲವು ಡಾಕ್ಟರೂ ಇದ್ದಾರೆ. ಸ್ಕ್ಯಾನ್ ಚಿತ್ರ ತೋರಿಸಿ "ನೋಡಿ, ಮೂಳೆ ಬೆಳೆದಿದೆ, ನಾಳೆಯೇ ಮಾಡಿಸಿ" ಎನ್ನುವವರು. ಪೂರ್ತಿ ನೆಟ್ಟಗಿರುವ ನಡುಗೋಡೆಯೇ ಅಪರೂಪ. ಸ್ಕ್ಯಾನ್ ಮಾಡಿದರೆ ಬಹುಪಾಲು ಜನರಲ್ಲಿ ಸ್ವಲ್ಪ ಡೊಂಕು ಕಂಡೇ ಕಾಣುತ್ತದೆ, ತೊಂದರೆಯೇ ಇಲ್ಲದವರಲ್ಲೂ. ಆಪರೇಷನ್ ಮಾಡಬೇಕಾದದ್ದು ಚಿತ್ರಕ್ಕಲ್ಲ, ಉಸಿರಿಗೆ. ಡೊಂಕು ಇರುವ ಕಡೆಯೇ ಮೂಗು ಸದಾ ಕಟ್ಟುತ್ತಿರಬೇಕು, ಅಲರ್ಜಿಗೆ ಸ್ಪ್ರೇ ಕೊಟ್ಟು ನೋಡಿರಬೇಕು, ಎಂಡೋಸ್ಕೋಪ್ ಇಟ್ಟು ಒಳಗಿನದನ್ನೆಲ್ಲ ನೋಡಿರಬೇಕು. ಬರೀ ಅಲರ್ಜಿ ಇದ್ದವನ ನಡುಗೋಡೆ ಕೊಯ್ದರೆ ಅವನು ಸೋತು ಬಂದು ಊರಿಗೆಲ್ಲ ಸಾರುವುದರಲ್ಲಿ ತಪ್ಪೇನಿದೆ? ಟರ್ಬಿನೇಟನ್ನು ಅತಿಯಾಗಿ ಕತ್ತರಿಸಿದರೆ ಇನ್ನೂ ಕೇಡು. ದಾರಿ ಅಗಲವಾಗಿದ್ದರೂ ಗಾಳಿ ಬಂದ ಅನುಭವವೇ ಇಲ್ಲದೆ, ಒಣಗಿದ ಮೂಗಿನಿಂದ ಕೆಲವರು ಬಾಳಿಡೀ ನರಳುತ್ತಾರೆ. ಕಡಿಮೆ ಕೊಯ್ಯುವವನೇ ಒಳ್ಳೆಯ ಸರ್ಜನ್. ಆಪರೇಷನ್ ಇಲ್ಲದೆ ಮೂಗಿನ ಮಾಂಸ ಉದುರಿಸುತ್ತೇವೆಂದು ಗೋಡೆಗೆ ಚೀಟಿ ಅಂಟಿಸುವವರ ಕಡೆಗಂತೂ ತಲೆ ಹಾಕಿಯೂ ಮಲಗಬೇಡಿ. ಅವರು ಹಚ್ಚುವ ಸುಡುಮದ್ದು ಪೊರೆಯನ್ನೇ ಸುಟ್ಟು ಗಾಯದ ಅಂಟು ಉಳಿಸುತ್ತದೆ.

ಮಕ್ಕಳ ಲೆಕ್ಕವೇ ಬೇರೆ. ಬಾಯಿ ತೆರೆದು ಮಲಗುವ, ಗೊರಕೆ ಹೊಡೆಯುವ ಮಗುವಿಗೆ ಸಾಮಾನ್ಯವಾಗಿ ಇರುವುದು ಮೂಗಿನ ಹಿಂದಿನ ಅಡಿನಾಯ್ಡ್ ಊತ ಅಥವಾ ಅಲರ್ಜಿ. ನಡುಗೋಡೆಯ ಆಪರೇಷನ್ನನ್ನು ಮುಖದ ಬೆಳವಣಿಗೆ ಮುಗಿಯುವವರೆಗೆ ಸಾಮಾನ್ಯವಾಗಿ ಮುಂದೂಡುತ್ತಾರೆ. ಹಾಗೆಂದು "ದೊಡ್ಡವನಾದರೆ ಸರಿಹೋಗುತ್ತೆ" ಎಂದು ತೋರಿಸದೇ ಇರುವುದು ತಪ್ಪು. ಗೊರಕೆಯ ನಡುವೆ ಉಸಿರೇ ನಿಲ್ಲುವ ವಯಸ್ಕರು ಮೂಗಿನ ಆಪರೇಷನ್ ಒಂದರಿಂದಲೇ ಅದು ಗುಣವಾಗುತ್ತದೆಂದು ನಂಬಬಾರದು. ವಯಸ್ಸಾದವರಲ್ಲಿ ಒಂದೇ ಹೊಳ್ಳೆ ಕಟ್ಟಿ ರಕ್ತ ಬರುತ್ತಿದ್ದರೆ ಒಂದು ವಾರವೂ ಕಾಯಬಾರದು, ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು.

"ದುಡ್ಡೆಲ್ಲಿಂದ ತರಾನ?" ಇದು ನಿಜವಾದ ಪ್ರಶ್ನೆ, ಇದಕ್ಕೆ ಉತ್ತರವೂ ಇದೆ. ಮೂಗು ತೋರಿಸಲು ಬೆಂಗಳೂರಿಗೇ ಓಡಬೇಕಿಲ್ಲ. ಗೆಜ್ಜಲಗೆರೆಯಿಂದ ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಬಸ್ಸೇ ಸಾಕು. ಅಲ್ಲಿ ಕಿವಿ ಮೂಗು ಗಂಟಲಿನ ವಿಭಾಗವಿದೆ. ನಾಗಮಂಗಲದ ಕಡೆಗೆ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿದೆ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆಯಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಡುತ್ತದೆ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಆರೋಗ್ಯ ಯೋಜನೆ 2018ರಲ್ಲಿ ನಿಂತು, 2022–23ರಲ್ಲಿ ಮರುಜೀವ ಪಡೆದಿದೆ. ಹಾಲು ಉತ್ಪಾದಕರ ಸಂಘಕ್ಕೆ ಹಾಲು ಹಾಕುವ ಸದಸ್ಯನ ಮನೆಯವರು ಅದಕ್ಕೆ ಸೇರಬಹುದು. ದಿನಾಂಕಕ್ಕೆ ಕಾಯಬೇಕಾಗಬಹುದು, ಕಾಗದ ಪತ್ರಕ್ಕೆ ಓಡಾಡಬೇಕಾಗಬಹುದು. ಹತ್ತಾರು ವರ್ಷ ಡ್ರಾಪ್ಸ್ ಕೊಂಡ ದುಡ್ಡನ್ನೂ ನಿದ್ದೆಗೆಟ್ಟ ರಾತ್ರಿಗಳನ್ನೂ ಕೂಡಿಸಿ ನೋಡಿದರೆ ಆ ಓಡಾಟ ಏನೇನೂ ಅಲ್ಲ.

ಕೊನೆಯ ಆಕ್ಷೇಪ ಒಂದು ಉಳಿಯಿತು. "ಮಾಡುಸ್ಕಂಡ್ರೂ ಈ ಧೂಳು, ಹೊಗೆ ಇದ್ದೇ ಇರ್ತದಲ್ಲ." ಹೌದು, ಇರುತ್ತದೆ. ಕಬ್ಬು ಕಡಿದ ಮೇಲೆ ತರಗಿಗೆ ಇಡುವ ಬೆಂಕಿ, ಆಲೆಮನೆಗಳ ಹೊಗೆ, ಅಕ್ಕಿ ಗಿರಣಿಯ ತೌಡಿನ ಧೂಳು, ಬದುಗಳ ಮೇಲಿನ ಪಾರ್ಥೇನಿಯಂ ಹೂವಿನ ಪರಾಗ, ಇವು ನೆಟ್ಟಗಿನ ಮೂಗನ್ನೂ ಕೆರಳಿಸುತ್ತವೆ. ಆಲೆಮನೆಯ ಒಲೆಗೆ ಹಳೆಯ ಟೈರು ಹಾಕುವುದನ್ನು ತಡೆಯುವುದು, ತರಗನ್ನು ಸುಡದೆ ಹೊಲಕ್ಕೇ ಹೊದಿಸುವುದು ಪಂಚಾಯಿತಿಯೂ ರೈತನೂ ಕೂಡಿ ಮಾಡಬೇಕಾದ ಕೆಲಸ. ಆದರೆ ಗಾಳಿ ಕೆಟ್ಟಿದೆಯೆಂದು ಗಾಳಿಯ ದಾರಿಯನ್ನೇ ಮುಚ್ಚಿಟ್ಟುಕೊಳ್ಳುವುದು ಯಾವ ನ್ಯಾಯ? ಧೂಳಿರುವ ಊರಿನಲ್ಲೇ ಸೋಸುವ ಮೂಗು ಹೆಚ್ಚು ಬೇಕು. ಬಾಯಿಯಲ್ಲಿ ಉಸಿರಾಡುವವನು ಆ ಧೂಳನ್ನು ನೇರವಾಗಿ ಎದೆಗಿಳಿಸಿಕೊಳ್ಳುತ್ತಾನೆ.

ಓದುಗರಲ್ಲಿ ಕೇಳಿಕೊಳ್ಳುವುದಿಷ್ಟೆ. ಮೂಗು ಕಟ್ಟಿ ತಿಂಗಳುಗಳಾಗಿದ್ದರೆ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ, ಮೂರು ಪ್ರಶ್ನೆ ಕೇಳಿ. ನನ್ನ ಮೂಗಿನಲ್ಲಿರುವುದು ಡೊಂಕೋ, ಅಲರ್ಜಿಯ ಊತವೋ, ಪಾಲಿಪ್ಪೋ? ಆಪರೇಷನ್‌ಗೆ ಮೊದಲು ಔಷಧಿ ಕೊಟ್ಟು ನೋಡುತ್ತೀರಾ? ಆಪರೇಷನ್ ಆದ ಮೇಲೆ ಯಾವ ಔಷಧಿ, ಎಷ್ಟು ಕಾಲ? ಮೂರಕ್ಕೂ ಬಾಯಿ ಬಿಟ್ಟು ಉತ್ತರ ಕೊಡದ ಡಾಕ್ಟರನ್ನು ಬಿಟ್ಟು ಇನ್ನೊಬ್ಬರ ಬಳಿ ಹೋಗಿ. ಉತ್ತರ ಕೊಟ್ಟು, ಡೊಂಕೇ ಕಾರಣವೆಂದು ತೋರಿಸಿಕೊಟ್ಟರೆ ಧೈರ್ಯವಾಗಿ ಮಾಡಿಸಿಕೊಳ್ಳಿ. ಮೂಗಿನೊಳಗೆ ನೋಡಿದವರ ಮಾತಿಗೆ ಬೆಲೆ ಕೊಡಿ. ನೋಡದವರ ಮಾತು ಕೇಳಿ ಇನ್ನೊಂದು ವರ್ಷ ಬಾಯಿಯಲ್ಲಿ ಉಸಿರಾಡಬೇಡಿ.